ಬ್ರೋಕರ್ ಪಾಪ, ಏನು ಮಾಡಿದ?

ಪ್ರಿಯ ಓದುಗರೆ,

ರಾಜಾಜಿನಗರದಿಂದ ನೀವು ಬರೆದ ಕಾಗದ ತಲುಪಿತು. "ನಾಯಕ, ಖಳನಾಯಕ, ಬುದ್ಧಿ ಹೇಳುವ ಗುರು, ಜೀವದ ಗೆಳೆಯ, ಎಲ್ಲರನ್ನೂ ಇಟ್ಟಿದ್ದೇನೆ. ಆದರೂ ಕಥೆ ವಾಪಸ್ ಬಂತು. ಯಾಕೆ ಅಂತ ನೀವು ಹೇಳಲೂ ಇಲ್ಲ" ಎಂದಿದ್ದೀರಿ. ಹೇಳದೆ ಇದ್ದದ್ದು ನಮ್ಮ ತಪ್ಪು. ಕಥೆಯನ್ನು ಮತ್ತೆ ಓದಿದೆ.

ಚಾಮರಾಜಪೇಟೆಯ ಹಳೇ ಮನೆ. ಮಗನಿಗೆ ಮಾರುವ ಅವಸರ. ತಾಯಿ ಬೇಕು ಅನ್ನುವುದಿಲ್ಲ, ಬೇಡ ಅನ್ನುವುದೂ ಇಲ್ಲ. ಬ್ರೋಕರ್ ಬರುತ್ತಾನೆ, ಅವನನ್ನು ನೀವು ಕೇಡಿ ಮಾಡಿಬಿಟ್ಟಿದ್ದೀರಿ. ಅವನು ಕೇಳಿದ್ದು ತನ್ನ ಕಮಿಷನ್, ಅಷ್ಟೆ.

ರಷ್ಯಾದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅಲ್ಲಿನ ಮಾಯಾ ಕಥೆಗಳನ್ನು ಬಿಚ್ಚಿ ನೋಡಿ, 31 ಬಗೆಯ ನಡೆಗಳನ್ನೂ 7 ಬಗೆಯ ಪಾತ್ರಗಳನ್ನೂ ಗುರುತಿಸಿದ. ಆದರೆ ಅವನ ಲೆಕ್ಕ ಪಾತ್ರ ಮಾಡುವ ಕೆಲಸದ್ದು. ಒಬ್ಬನೇ ಎರಡು ಕೆಲಸ ಮಾಡಬಹುದು, ಒಂದೇ ಕೆಲಸ ಇಬ್ಬರಿಗೆ ಹಂಚಿಹೋಗಬಹುದು. ನೀವು ಕೆಲಸಕ್ಕೊಬ್ಬ ಆಳು ಇಟ್ಟಿದ್ದೀರಿ. 12 ಪುಟಕ್ಕೆ 11 ಜನ! ಮದುವೆ ಮನೆ ಆಯ್ತಲ್ವಾ?

ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು (1965) ಇನ್ನೊಮ್ಮೆ ತೆಗೆದು ನೋಡಿ. ಆಚಾರ ಮುರಿದ ನಾರಣಪ್ಪ ಶುರುವಿನಲ್ಲೇ ಸತ್ತಿದ್ದಾನೆ. ಆದರೂ ಇಡೀ ಅಗ್ರಹಾರವನ್ನು ಅಲ್ಲಾಡಿಸುವವನು ಅವನೇ. ಕಥಾನಾಯಕ ಪ್ರಾಣೇಶಾಚಾರ್ಯರ ಎದುರು ನಿಂತಿರುವುದು ಒಂದು ಹೆಣ. ಎದುರಾಳಿ ಮೀಸೆ ತಿರುವಬೇಕಾಗಿಲ್ಲ, ಉಸಿರಾಡಬೇಕಾಗಿಯೂ ಇಲ್ಲ.

ನಿಮ್ಮ ಕಥೆಯಲ್ಲೂ ಎದುರಾಳಿ ಇದ್ದಾರೆ, 9ನೇ ಪುಟದಲ್ಲಿ. ತಾಯಿ ಅಡುಗೆಮನೆ ಹೊಸ್ತಿಲಲ್ಲಿ ಕೂತು ಕೇಳುತ್ತಾರೆ: "ಒರಳುಕಲ್ಲು ಕಿತ್ತು ತಗೊಂಡೋದ್ರೆ ಲಿಫ್ಟಲ್ಲಿ ಬಿಡ್ತಾರೇನೋ?" ಮಗ ಮೊಬೈಲ್ ನೋಡುತ್ತಾ ನಿಲ್ಲುತ್ತಾನೆ. ಓದುತ್ತಿದ್ದ ನಾನು ಕಾಫಿ ಲೋಟ ಕೆಳಗಿಟ್ಟೆ. ಮಗನಿಗೆ ಅಡ್ಡ ನಿಂತಿರುವುದು ಬ್ರೋಕರ್ ಅಲ್ಲವೇ ಅಲ್ಲ. ಮನೆ ಮಾರಿಸಲೆಂದೇ ಓಡಾಡುವ ಅವನು ಮಗನ ಕಡೆಯವನು! ಅಡ್ಡ ಇರುವುದು 'ಬೇಡ' ಎಂದು ಒಮ್ಮೆಯೂ ಹೇಳದ ಆ ತಾಯಿ. ಮತ್ತೆ, ನೆಲದಲ್ಲಿ ಹೂತ ಆ ಕಲ್ಲು.

ಹಾಗಾಗಿ ಆ ಪ್ರಶ್ನೆ ಎರಡನೇ ಪುಟಕ್ಕೇ ಬರಲಿ. ಅದಕ್ಕೆ ಮುಂಚಿನ ವಂಶಾವಳಿ ಜಾಸ್ತಿಯಾಯಿತು, ತೆಗೆಯಿರಿ. ಆಮೇಲೆ ಕೆಲಸದವರು ಕಲ್ಲು ಕೀಳಲು ಬಂದಾಗ ಅದೇ ಮಾತು ಮತ್ತೆ ಏಳಲಿ. ಕೊನೆಗೆ ಖಾಲಿ ಮನೆಯಲ್ಲಿ ಇನ್ನೊಮ್ಮೆ. ಪ್ರತಿ ಸಲವೂ ಮಗನಿಗೆ ಉತ್ತರ ಕೊಡುವುದು ಇನ್ನಷ್ಟು ಕಷ್ಟವಾಗಬೇಕು. ಕಥೆಯ ಹಂದರ ಅಂದರೆ ನನ್ನ ಪಾಲಿಗೆ ಇಷ್ಟೇ.

ಲಾಲ್‌ಬಾಗ್ ಬೆಂಚಿನ ಮೇಲೆ ಕೂತು ಬುದ್ಧಿ ಹೇಳುವ ಸೋದರಮಾವ ಬೇಡ. ಗೆಳೆಯನೂ ಸುಮ್ನೆ ಬಂದು ಹೋಗುತ್ತಾನೆ. ಗಾಂಧಿ ಬಜಾರಿನ ಆಟೋ ಡ್ರೈವರ್ ಮಾತ್ರ ಬಹಳ ಚೆನ್ನಾಗಿದ್ದಾನೆ, ಆದರೆ ಈ ಕಥೆಯಲ್ಲಿ ಅವನಿಗೆ ಕೆಲಸವಿಲ್ಲ. ಇನ್ನೊಂದು ಕಥೆಗೆ ಎತ್ತಿಡಿ.

ತಿದ್ದಿ ಕಳಿಸಿ. ಈ ಸಲ ವಾಪಸ್ ಮಾಡಿದರೂ ಕಾರಣ ಬರೆಯುತ್ತೇನೆ.

ಸಂಪಾದಕ