‘ಸೇಲರ್ ಮೂನ್’ ಅನಿಮೆಯ ಕಂತುಗಳೆಲ್ಲ ಒಂದೇ ಅಚ್ಚಿನಲ್ಲಿ ಇರುವುದೇಕೆ?

1992ರ ‘ಸೇಲರ್ ಮೂನ್’ ಅನಿಮೆಯ, ಅಂದರೆ ಜಪಾನಿನ ಅನಿಮೇಷನ್ ಧಾರಾವಾಹಿಯ, ಮೊದಲ ಇಪ್ಪತ್ತು ಕಂತುಗಳನ್ನು ನೋಡಿದ ನಿಮಗೆ ಪ್ರತಿ ಸಲವೂ ಅದೇ ಕಥೆ ತಿರುಗುತ್ತಿರುವಂತೆ ಕಂಡಿದೆ. ಇದು ಬರಹಗಾರರ ಸೋಮಾರಿತನವೇ, ನಾಯಕಿ ವೇಷ ಬದಲಿಸುವವರೆಗೆ ಶತ್ರು ಸುಮ್ಮನೆ ನಿಂತಿರುವುದೇಕೆ, ಇಷ್ಟಾದ ಮೇಲೂ ಮುಂದುವರಿಸಬೇಕೇ ಎಂದು ಕೇಳಿದ್ದೀರಿ. ಮೊದಲ ಸರಣಿಯ 46 ಕಂತುಗಳ ಕಥೆಯನ್ನು ಬಿಚ್ಚಿಡದೆ ಇದಕ್ಕೆ ಸರಿಯಾಗಿ ಉತ್ತರಿಸಲಾಗದು. ಕಥೆ ಮೊದಲೇ ಗೊತ್ತಾಗುವುದು ಬೇಡವೆನಿಸಿದರೆ ಕೊನೆಯ ಪ್ಯಾರಾವನ್ನಷ್ಟೇ ಓದಿ.

ಶತ್ರುವಿನ ವಿಷಯ ಸುಲಭವಾದದ್ದು. ಅವನು ಕಾಯುತ್ತಲೇ ಇಲ್ಲ. ‘ಮೂನ್ ಪ್ರಿಸಂ ಪವರ್, ಮೇಕ್ ಅಪ್’ ಎಂದು, ಸೇಲರ್ ಮೂನ್ ಆಗಿ ಬದಲಾಗುವ ನಾಯಕಿ ಉಸಾಗಿ ಕೂಗಿದ ಮೇಲೆ ಪರದೆಯನ್ನು ತುಂಬುವ ರಿಬ್ಬನ್ನುಗಳು, ಬೆಳಕು, ಸುತ್ತಾಟ ಯಾವುವೂ ಕಥೆಯೊಳಗಿನ ಕಾಲಕ್ಕೆ ಸೇರಿದವಲ್ಲ. ಅಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿದೆ, ನಮಗೆ ಮಾತ್ರ ವಿಸ್ತಾರವಾಗಿ ತೋರಿಸಲಾಗುತ್ತಿದೆ. ನಮ್ಮ ಸಿನಿಮಾಗಳ ಹಾಡೊಂದರಲ್ಲಿ ನಾಯಕಿ ಐದು ಸೀರೆ ಬದಲಿಸಿದರೆ ಸೂಟ್‌ಕೇಸ್ ಎಲ್ಲಿತ್ತು ಎಂದು ಯಾರೂ ಕೇಳುವುದಿಲ್ಲವಲ್ಲ, ಇದೂ ಹಾಗೆಯೇ. ವೇಷ ಬದಲಾದ ಮೇಲೆ ಅವಳು ತನ್ನ ಹೆಸರು ಹೇಳಿ, ಭಂಗಿ ನಿಂತು, ಚಂದ್ರನ ಪರವಾಗಿ ನಿನ್ನನ್ನು ಶಿಕ್ಷಿಸುತ್ತೇನೆ ಎಂದು ಘೋಷಿಸುವುದಕ್ಕೆ ಜಪಾನಿನಲ್ಲಿ ಇನ್ನೂ ಹಳೆಯ ಬೇರುಗಳಿವೆ. 1862ರ ಒಂದು ಪ್ರಸಿದ್ಧ ಕಬುಕಿ (ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರ) ನಾಟಕದಲ್ಲಿ ಐವರು ಕಳ್ಳರು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ತಮ್ಮ ಹೆಸರು ಮತ್ತು ಹಿನ್ನೆಲೆಯನ್ನು ಹೇಳಿಕೊಳ್ಳುವ ದೃಶ್ಯವಿದೆ. ಅವರನ್ನು ಹಿಡಿಯಲು ಬಂದವರು ಅಷ್ಟು ಹೊತ್ತೂ ತಡೆದೇ ಇರುತ್ತಾರೆ. 1975ರಲ್ಲಿ ಶುರುವಾದ, ಬಣ್ಣಕ್ಕೊಬ್ಬರಂತೆ ಐವರು ವೀರರಿರುವ ಸೂಪರ್ ಸೆಂಟಾಯ್ ಧಾರಾವಾಹಿಗಳು ಈ ಪದ್ಧತಿಯನ್ನು ಟಿ.ವಿ.ಗೆ ತಂದವು. ಸೇಲರ್ ಮೂನ್‌ನ ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಬರೆದ ನಾವೊಕೊ ತಾಕೆಯುಚಿ ಆ ಐವರ ತಂಡದ ಕಲ್ಪನೆಯನ್ನು ಮಾಂತ್ರಿಕ ಹುಡುಗಿಯರ ಕಥೆಗೆ ಬೆಸೆದರು. ಅದಕ್ಕೂ ಮುಂಚಿನ ಮಾಂತ್ರಿಕ ಹುಡುಗಿಯರು, ಉದಾಹರಣೆಗೆ 1966ರ ಸ್ಯಾಲಿ ಅಥವಾ 1969ರ ಆಕ್ಕೊ, ಬಹುಮಟ್ಟಿಗೆ ಮನೆ, ಶಾಲೆ, ನೆರೆಹೊರೆಯ ತೊಡಕುಗಳಲ್ಲೇ ಮಂತ್ರವನ್ನು ಬಳಸುತ್ತಿದ್ದವರು.

ಸೋಮಾರಿತನದ ಆರೋಪದಲ್ಲಿ ಸ್ವಲ್ಪ ಹುರುಳಿದೆ, ಆದರೆ ಅದರ ಹೆಸರು ಬೇರೆ. ತೋಯೆ ಅನಿಮೇಷನ್ ಈ ಅನಿಮೆಯನ್ನು ವಾರಕ್ಕೊಂದು ಕಂತಿನಂತೆ 1992ರ ಮಾರ್ಚ್‌ನಿಂದ 1997ರ ಫೆಬ್ರುವರಿಯವರೆಗೆ ಒಟ್ಟು 200 ಕಂತು ತಯಾರಿಸಿತು. ಕೈಯಲ್ಲಿ ಚಿತ್ರ ಬರೆಯುತ್ತಿದ್ದ ಆ ಕಾಲದಲ್ಲಿ, ಒಮ್ಮೆ ಶ್ರದ್ಧೆಯಿಂದ ಬರೆದಿಟ್ಟ ವೇಷಾಂತರದ ದೃಶ್ಯವನ್ನು ಪ್ರತಿ ವಾರ ಮತ್ತೆ ಬಳಸಿದರೆ ಆ ವಾರದ ಕೆಲಸದಲ್ಲಿ ಅಷ್ಟು ಉಳಿತಾಯವಾಗುತ್ತಿತ್ತು. ಹೀಗೆ ಕೂಡಿಟ್ಟ ದೃಶ್ಯಗಳನ್ನು ಅಲ್ಲಿನ ಅನಿಮೇಷನ್ ಮಂದಿ ‘ಬ್ಯಾಂಕ್’ ಎನ್ನುತ್ತಾರೆ. ಜೊತೆಗೆ ಬಂದಾಯ್ ಕಂಪನಿ ನಾಯಕಿಯ ಬ್ರೂಚನ್ನೂ ದಂಡವನ್ನೂ ಆಟಿಕೆಯಾಗಿ ಮಾರುತ್ತಿತ್ತು. ಸರಣಿ ಬದಲಾದಂತೆಲ್ಲ ಅವಳಿಗೆ ಹೊಸ ಸಾಧನ, ಹೊಸ ಕೂಗು ದೊರೆಯುತ್ತಾ ಹೋದದ್ದಕ್ಕೂ ಇದಕ್ಕೂ ಸಂಬಂಧವಿದೆ. ಇದನ್ನೆಲ್ಲ ಮುಚ್ಚಿಡುವ ಅಗತ್ಯವೇನೂ ನನಗೆ ಕಾಣುವುದಿಲ್ಲ. ಮುಖ್ಯ ಪ್ರಶ್ನೆ, ಹಣದ ಮತ್ತು ಸಮಯದ ಒತ್ತಾಯದಿಂದ ಬಂದ ಈ ಚೌಕಟ್ಟನ್ನು ಮೊದಲ ಸರಣಿಯ ನಿರ್ದೇಶಕ ಜುನಿಚಿ ಸಾತೊ ಮತ್ತು ಅವರ ಬರಹಗಾರರು ಹೇಗೆ ಬಳಸಿಕೊಂಡರು ಎಂಬುದು.

ಚೌಕಟ್ಟು ನಿಮಗೆ ಬಾಯಿಪಾಠವಾಗಿರಬೇಕು. ಶತ್ರು ಯಾರನ್ನೋ ಬಲೆಗೆ ಹಾಕಿಕೊಂಡು ಅವರ ಚೈತನ್ಯವನ್ನು ಹೀರುತ್ತಾನೆ, ಉಸಾಗಿ ಎಡವುತ್ತ, ಅಳುತ್ತ ಅಲ್ಲಿಗೆ ತಲುಪುತ್ತಾಳೆ, ವೇಷ ಬದಲಿಸುತ್ತಾಳೆ, ಸೋಲುವಂತಾಗುತ್ತದೆ, ಎಲ್ಲಿಂದಲೋ ಒಂದು ಗುಲಾಬಿ ಹಾರಿ ಬಂದು ನೆಲಕ್ಕೆ ನಾಟುತ್ತದೆ, ಅದನ್ನು ಎಸೆದ ಮುಖವಾಡದ ಯುವಕ ಟಕ್ಸೀಡೊ ಮಾಸ್ಕ್ ನಾಲ್ಕು ಮಾತಾಡಿ ಮಾಯವಾಗುತ್ತಾನೆ, ಅವಳು ಕಿರೀಟದ ಪಟ್ಟಿಯನ್ನು ಎಸೆದು ರಾಕ್ಷಸಿಯನ್ನು ಬೂದಿ ಮಾಡುತ್ತಾಳೆ. ಈ ಅನುಕ್ರಮವನ್ನು ಪಕ್ಕಕ್ಕಿಟ್ಟು, ಬಲಿಪಶು ಯಾರು ಎಂಬ ಒಂದೇ ಒಂದು ಸ್ಥಾನವನ್ನು ಗಮನಿಸಿ. ಶತ್ರುಪಡೆಯ ಮೊದಲ ಸೇನಾಪತಿ ಜೇಡೈಟ್‌ಗೆ ಬೇಕಾದದ್ದು ಗುಂಪು. ಆಭರಣದ ಅಂಗಡಿಯ ಗಿರಾಕಿಗಳು, ರೇಡಿಯೊ ಕೇಳುಗರು, ಟ್ಯೂಷನ್‌ಗೆ ಹೋಗುವ ಮಕ್ಕಳು, ಹೀಗೆ ಮುಖವಿಲ್ಲದ ಜನ. 14ನೆಯ ಕಂತಿನಿಂದ ಬರುವ ನೆಫ್ರೈಟ್ ನಕ್ಷತ್ರಗಳನ್ನು ಕೇಳಿ ಒಬ್ಬರನ್ನೇ ಆರಿಸುತ್ತಾನೆ: ಟೆನಿಸ್ ಆಡುವ ಹುಡುಗಿ, ಉದ್ಯಾನ ನೋಡಿಕೊಳ್ಳುವ ಮುದುಕ, ಫೋಟೊಗ್ರಾಫರ್. ಈಗ ಬಲಿಪಶುವಿಗೆ ಒಂದು ಹೆಸರಿದೆ, ಒಂದು ಆಸೆಯಿದೆ. ಅವನ ನಂತರ ಬರುವ ಜೊಯ್‌ಸೈಟ್ ಹುಡುಕುವುದು ಏಳು ಸ್ಫಟಿಕಗಳನ್ನು. ಅವು ಇರುವುದು ಹಿಂದಿನ ಜನ್ಮದಲ್ಲಿ ರಾಕ್ಷಸರಾಗಿದ್ದವರ ಒಳಗೆ, ಮತ್ತು ಸ್ಫಟಿಕ ಹೊರಬಂದ ಕೂಡಲೇ ಅವರು ಮತ್ತೆ ರಾಕ್ಷಸರಾಗುತ್ತಾರೆ. ಉಸಾಗಿಯ ತಂಡದ ರೇಯಿಯ ಅಜ್ಜ ಅವರಲ್ಲೊಬ್ಬ. ಒಂದು ದಪ್ಪ ಬೆಕ್ಕೂ ಸೇರಿದೆ. ಅದೇ ತಂಡದ ಅಮಿಯನ್ನು ಮೆಚ್ಚಿಕೊಂಡಿರುವ ಒಬ್ಬ ಹುಡುಗನಿಗಂತೂ ಭವಿಷ್ಯ ಕಾಣುವ ಶಕ್ತಿಯಿದ್ದು, ತನಗೆ ಆಗಲಿರುವುದು ಅವನಿಗೆ ಮೊದಲೇ ಗೊತ್ತು.

ಹೀಗೆ ಬಲಿಪಶುವೇ ರಾಕ್ಷಸನಾದಾಗ ಕೊನೆಯ ಹೊಡೆತ ಅಸಾಧ್ಯವಾಗುತ್ತದೆ. ಅಜ್ಜನನ್ನು ಬೂದಿ ಮಾಡಲಾಗದು. ಆದ್ದರಿಂದ ಕೊಲ್ಲುವ ಕಿರೀಟದ ಜಾಗಕ್ಕೆ ಗುಣಪಡಿಸುವ ಮೂನ್ ಸ್ಟಿಕ್ ಬರುತ್ತದೆ. ಅದು ಅಂಗಡಿಯಲ್ಲಿ ಮಾರಿದ ಆಟಿಕೆಯೂ ಹೌದು, ಕಥೆಯ ತಿರುವೂ ಹೌದು, ಮತ್ತು ಎರಡೂ ಒಂದಕ್ಕೊಂದು ಅಡ್ಡಬಂದಿಲ್ಲ. ಯಾವ ಸಂಭಾಷಣೆಯೂ ಇದನ್ನು ಎತ್ತಿ ಹೇಳುವುದಿಲ್ಲ. ಇಪ್ಪತ್ತು ವಾರ ಅದೇ ಹೊಡೆತವನ್ನು ನೋಡಿದ್ದವರಿಗೆ ಮಾತ್ರ, ಈ ಹುಡುಗಿಯ ಕೆಲಸವೇ ಬೇರೆಯಾಯಿತು ಎಂಬುದು ತಾನಾಗಿ ಹೊಳೆಯುತ್ತದೆ.

ಇವೆರಡು ಘಟ್ಟಗಳ ನಡುವಿನ 24ನೆಯ ಕಂತು ಈ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಉಸಾಗಿಯ ಗೆಳತಿ ನಾರು ಮೊದಲ ಕಂತಿನಿಂದಲೂ ಮತ್ತೆ ಮತ್ತೆ ಬಲೆಗೆ ಬೀಳುವವಳು. ಅದೇ ಅವಳ ಪಾತ್ರವೆಂದು ನಾವು ತೀರ್ಮಾನಿಸಿರುತ್ತೇವೆ. ಅವಳು ಪ್ರೀತಿಸುವುದು ಶ್ರೀಮಂತ ಯುವಕನ ವೇಷದಲ್ಲಿ ಓಡಾಡುವ ನೆಫ್ರೈಟ್‌ನನ್ನೇ. ಅವನು ಶತ್ರುವೆಂದು ತಿಳಿದ ಮೇಲೂ ಅವಳು ಹಿಂಜರಿಯುವುದಿಲ್ಲ. ಜೊಯ್‌ಸೈಟ್ ಕಳುಹಿಸಿದ ರಾಕ್ಷಸಿಯರು ಅವನ ಮೇಲೆ ಬಿದ್ದಾಗ ಸೇಲರ್ ಯೋಧೆಯರು ಬರುತ್ತಾರೆ, ಹೋರಾಡುತ್ತಾರೆ, ಗೆಲ್ಲುತ್ತಾರೆ. ಚೌಕಟ್ಟಿನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿದೆ, ಆದರೆ ನೆಫ್ರೈಟ್ ಬದುಕುವುದಿಲ್ಲ. ಜೊತೆಯಾಗಿ ಚಾಕೊಲೇಟ್ ಪಾರ್ಫೆ ತಿನ್ನಲು ಹೋಗೋಣ ಎಂದಿದ್ದ ಮಾತು ಸುಳ್ಳಾಯಿತಲ್ಲ ಎಂದು ನಾರುವಿನ ಬಳಿ ಹೇಳಿಕೊಂಡೇ ಅವನು ಸಾಯುತ್ತಾನೆ. ಸಮಯಕ್ಕೆ ಬಂದು ಉಳಿಸುವುದೇ ನಿಯಮವೆಂದು ಇಪ್ಪತ್ತಮೂರು ಕಂತುಗಳು ನಮ್ಮನ್ನು ನಂಬಿಸಿದ್ದರಿಂದಲೇ ಆ ಸಾವಿಗೆ ಅಷ್ಟು ಭಾರ. ಈ ಪ್ರೇಮ ಮೂಲ ಮಾಂಗಾದಲ್ಲಿಲ್ಲ. ತಿಂಗಳಿಗೊಂದು ಅಧ್ಯಾಯ ಬರುತ್ತಿದ್ದ ಮಾಂಗಾದ ಕಥೆಯನ್ನು ವಾರಕ್ಕೊಂದು ಕಂತಾಗಿ ಹಿಗ್ಗಿಸಬೇಕಾದಾಗ ಅನಿಮೆಯವರು ಹುಟ್ಟಿಸಿದ್ದು.

34ನೆಯ ಕಂತಿನಲ್ಲಿ ಗುಲಾಬಿಯ ಸರದಿ. ಎಲ್ಲರೂ ಹುಡುಕುತ್ತಿದ್ದ ಚಂದ್ರಲೋಕದ ರಾಜಕುಮಾರಿ ಉಸಾಗಿಯೇ ಎಂದು ತಿಳಿಯುವುದು ಅಲ್ಲಿಯೇ, ಅವಳಿಗೆ ಅಡ್ಡವಾಗಿ ನಿಂತ ಟಕ್ಸೀಡೊ ಮಾಸ್ಕ್ ಗಾಯಗೊಂಡು ಬೀಳುವುದೂ ಅಲ್ಲಿಯೇ. ಆಮೇಲೆ ಶತ್ರುಗಳ ವಶವಾಗಿ ಅವನು ಅವಳ ವಿರುದ್ಧವೇ ಹೋರಾಡಲು ಬರುತ್ತಾನೆ. ಪ್ರತಿ ವಾರ ಕಾಪಾಡುತ್ತಿದ್ದವನ ಸ್ಥಾನ ಖಾಲಿಯಾದಾಗ, ಅಳುಬುರುಕಿ ಉಸಾಗಿ ಗುಲಾಬಿ ಬಾರದ ಹೋರಾಟಗಳನ್ನು ಮುಗಿಸಲು ಕಲಿಯಬೇಕಾಗುತ್ತದೆ. 45ನೆಯ ಕಂತಿನಲ್ಲಿ, ಉತ್ತರ ಧ್ರುವದ ಹಿಮದಲ್ಲಿ, ಉಳಿದ ಆಸರೆಗಳೂ ಹೋಗುತ್ತವೆ: ಅವಳ ಜೊತೆಯ ಯೋಧೆಯರಾದ ಜುಪಿಟರ್, ಮರ್ಕ್ಯುರಿ, ವೀನಸ್, ಮಾರ್ಸ್ ಒಬ್ಬರ ಹಿಂದೊಬ್ಬರಂತೆ ಸಾಯುತ್ತಾರೆ. ಇದು 1993ರ ಫೆಬ್ರುವರಿಯಲ್ಲಿ, ಮಕ್ಕಳು ನೋಡುವ ಸಂಜೆಯ ಹೊತ್ತಿನಲ್ಲಿ ಪ್ರಸಾರವಾಯಿತು ಎಂಬುದನ್ನು ನೆನಪಿಡಿ. 46ನೆಯದರಲ್ಲಿ ಅವಳು ಕೇಳಿಕೊಳ್ಳುವುದು ಹಳೆಯ ಸಾಮಾನ್ಯ ಬದುಕನ್ನು. ಎಲ್ಲರೂ ಮರಳಿ ಬರುತ್ತಾರೆ, ಏನೂ ನೆನಪಿಲ್ಲದೆ, ಮತ್ತು ಉಸಾಗಿ ಮೊದಲ ಕಂತಿನಂತೆಯೇ ತಡವಾಗಿ ಎದ್ದು ಶಾಲೆಗೆ ಓಡುತ್ತಾಳೆ. ನಿಮಗೆ ಬೇಸರ ತರಿಸಿದ ಆ ದಿನಚರಿಯೇ ಅಲ್ಲಿ ಅವಳಿಗೆ ಸಿಕ್ಕ ವರ. ಇದು ಮೋಸದ ಸುಖಾಂತ್ಯ ಎಂದು ವಾದಿಸುವವರಿದ್ದಾರೆ. ನನಗೆ ಹಾಗನಿಸಿಲ್ಲ, ಏಕೆಂದರೆ ಪರಸ್ಪರ ಗೆಳೆತನದ ನೆನಪನ್ನೇ ಅವರು ಬೆಲೆಯಾಗಿ ತೆತ್ತಿದ್ದಾರೆ.

ಇನ್ನು ಮುಂದುವರಿಸುವ ವಿಷಯ. ನೀವು ನಿಲ್ಲಿಸಿರುವ ಜಾಗ ಬಹಳ ಕೆಟ್ಟದ್ದು. ಕನಿಷ್ಠ 24ರವರೆಗೆ ನೋಡಿ, ಆಮೇಲೂ ಮನಸ್ಸು ಹಿಡಿಯದಿದ್ದರೆ ಬಿಟ್ಟುಬಿಡಿ, ಈ ಅನಿಮೆ ನಿಮಗಲ್ಲ. ಹಿಡಿಸಿದರೆ 46ರವರೆಗೆ ಯಾವುದನ್ನೂ ಹಾರಿಸಬೇಡಿ, ಹಗುರವೆನಿಸುವ ಕಂತುಗಳನ್ನೂ ಸಹ. ಎರಡನೆಯ ಸರಣಿಯ 47ರಿಂದ 59ರವರೆಗಿನ ಭಾಗ ಮಾಂಗಾ ಮುಂದುವರಿಯಲೆಂದು ಕಾಯುತ್ತ ಅನಿಮೆಯವರು ಸೇರಿಸಿದ ಕಥೆ; ಅದರ ಮೊದಲ ಮೂರು ನಾಲ್ಕು ಕಂತುಗಳನ್ನು ನೋಡಿ ನೇರವಾಗಿ 60ಕ್ಕೆ ಹೋದರೂ ಎಳೆ ತಪ್ಪುವುದಿಲ್ಲ. ಅಷ್ಟು ತಾಳ್ಮೆ ಇಲ್ಲವೆಂದಾದರೆ, 2014ರ ‘ಸೇಲರ್ ಮೂನ್ ಕ್ರಿಸ್ಟಲ್’ ಮಾಂಗಾಕ್ಕೆ ಹತ್ತಿರವಿದ್ದುಕೊಂಡು ಇದೇ ಮೊದಲ ಘಟ್ಟವನ್ನು 14 ಕಂತುಗಳಲ್ಲಿ ಮುಗಿಸುತ್ತದೆ. ಕಥೆ ಚುರುಕಾಗಿದೆ, ಆದರೆ ಪಕ್ಕದ ಪಾತ್ರಗಳಿಗೆ ಅದರಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಮಾಂತ್ರಿಕ ಹುಡುಗಿಯರದೇ ಇನ್ನೊಂದು ಅನಿಮೆಯಾದ 2011ರ ‘ಮಾದೊಕಾ ಮಾಗಿಕಾ’ವನ್ನು ಈಗಲೇ ಶುರುಮಾಡಲು ಯಾರಾದರೂ ಸಲಹೆ ಮಾಡಿಯಾರು. ಅದು 12 ಕಂತುಗಳ ಚಿಕ್ಕ ಸರಣಿ, ನಿಜ. ಆದರೆ ಅದರ ಮೂರನೆಯ ಕಂತು ಹೊಡೆಯುವುದು ಈ ಹಳೆಯ ಚೌಕಟ್ಟನ್ನೇ, ಆದ್ದರಿಂದ ಅದನ್ನು ‘ಸೇಲರ್ ಮೂನ್’ ಮುಗಿಸಿದ ಮೇಲೆ ನೋಡಿ.