ಎರಡಕ್ಕೂ ಗಂಟು ಎಂದರೆ ಹೇಗೆ?

ಮಾನ್ಯ ವೈದ್ಯರೇ,

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಎದುರಾಗಬಹುದಾದ ಅನ್ಯೂರಿಸಂ, ಅಂದರೆ ರಕ್ತನಾಳದ ಉಬ್ಬಿನ ಕುರಿತು ಮಣಿಪಾಲದಿಂದ ನೀವು ಕಳುಹಿಸಿದ ಲೇಖನ ತಲುಪಿದೆ. 1907ರಲ್ಲಿ ಷ್ಲೋಫರ್ ಎಂಬ ಶಸ್ತ್ರವೈದ್ಯರು ಮೂಗಿನ ದಾರಿಯಿಂದ ಈ ಗಡ್ಡೆಯನ್ನು ತೆಗೆದ ಪ್ರಸಂಗ ಚೆನ್ನಾಗಿ ಬಂದಿದೆ. ಆದರೆ ಮೂರನೆಯ ಪ್ಯಾರಾ ಓದಿ ನನಗೆ ಸಿಟ್ಟು ಬಂತು.

"ಮೂಗಿನ ಮೂಲಕ ಪಿಟ್ಯುಟರಿ ಗಂಟನ್ನು ತೆಗೆಯುವಾಗ ಪಕ್ಕದ ರಕ್ತನಾಳದ ಗಂಟು ಟೈಂಬಾಂಬಿನಂತೆ ಸಿಡಿಯಬಹುದು" ಎಂದಿದ್ದೀರಿ. ಒಂದೇ ವಾಕ್ಯದಲ್ಲಿ ಎರಡು ಗಂಟು! ಮೊದಲನೆಯದು ಗ್ರಂಥಿಯ ಜೀವಕೋಶಗಳು ಬೆಳೆದು ಆದ ಗಡ್ಡೆ. ಎರಡನೆಯದು, ಹಳೆಯ ಟಯರಿನ ಬಿರುಕಿನಿಂದ ಟ್ಯೂಬು ಇಣುಕುವಂತೆ, ರಕ್ತನಾಳದ ಗೋಡೆ ದುರ್ಬಲವಾದಲ್ಲಿ ರಕ್ತದ ಒತ್ತಡಕ್ಕೆ ಎದ್ದ ಉಬ್ಬು. ಮೊದಲನೆಯದನ್ನು ಕೆರೆದು ತೆಗೆಯಬೇಕು, ಎರಡನೆಯದಕ್ಕೆ ಉಪಕರಣದ ಮೊನೆ ತಾಗಲೂಬಾರದು. ಬಟಾಣಿ ಕಾಳಿನಷ್ಟಿರುವ ಗ್ರಂಥಿಯ ಎಡಬಲಗಳಲ್ಲಿ, ಕೆಲವೇ ಮಿಲಿಮೀಟರು ದೂರದಲ್ಲಿ, ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳಗಳು ಹಾಯುತ್ತವೆ; ಅಲ್ಲಿನ ಉಬ್ಬನ್ನು ಗಡ್ಡೆಯೆಂದು ತಿಳಿದು ಕೊಯ್ದರೆ ಏನಾದೀತೆಂಬುದೇ ನಿಮ್ಮ ಲೇಖನದ ಜೀವಾಳ. ವೈದ್ಯರು ಮಾಡಬಾರದ ಆ ತಪ್ಪನ್ನೇ ನಿಮ್ಮ ಪದ ಓದುಗನಿಂದ ಮಾಡಿಸುತ್ತಿದೆ. (ಟೈಂಬಾಂಬನ್ನು ನಾನೇ ಹೊಡೆದುಹಾಕಿದ್ದೇನೆ. ಬಾಂಬಿಗೆ ಗಳಿಗೆ ನಿಗದಿಯಾಗಿರುತ್ತದೆ. ಎಷ್ಟೋ ಉಬ್ಬುಗಳು ಜೀವಮಾನವಿಡೀ ಒಡೆಯುವುದೇ ಇಲ್ಲ.)

ಮುಂದಿನ ಸಾಲು: "ಅದು ಎಂಆರ್‌ಐಯಲ್ಲೂ ಕಾಣದೆ ಅಡಗಿ ಕುಳಿತಿರುತ್ತದೆ." ಯಾಕೆ? ರಭಸದಿಂದ ಹರಿಯುವ ರಕ್ತ ಸಾಮಾನ್ಯ ಎಂಆರ್‌ಐ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ಉಬ್ಬಿನೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆ ಕಪ್ಪು ಇಲ್ಲದೆ ಗಡ್ಡೆಯಂತೆಯೇ ತೋರಬಹುದು, ಅನುಮಾನ ಬಂದರೆ ರಕ್ತನಾಳಗಳನ್ನೇ ತೋರಿಸುವ ಆಂಜಿಯೋಗ್ರಾಂ ಮಾಡಿಸುತ್ತಾರೆ ಎಂಬುದನ್ನೆಲ್ಲ ನೀವು ಕೊನೆಯ ಪುಟದ ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಅದನ್ನು ಇಲ್ಲಿಗೆ ತನ್ನಿ.

ಮಂಗಳೂರಿನ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನೂ ಹೀಗೆಯೇ ಬರೆದಿದ್ದೆ: "ಅಲೆಗೆ ಸಿಕ್ಕಿ ದೋಣಿ ಮುಳುಗಿತು, ಇನ್ನೊಂದು ದೋಣಿಯವರು ನೆರವಾದರು." ಮರುದಿನ ಬೆಳಿಗ್ಗೆ ಬೆಂಗ್ರೆಯಿಂದ ಹೊಳೆ ದಾಟಿ ಬಂದ ಹೆಂಗಸೊಬ್ಬರು ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, ಮುಳುಗಿದ್ದು ನಾಡದೋಣಿಯೋ ಯಾಂತ್ರಿಕ ಬೋಟೋ ಎಂದು ತುಳುವಿನಲ್ಲಿ ಕೇಳಿದರು. ಅವರ ಮಗ ಬೋಟಿನಲ್ಲಿ ಹೋಗಿದ್ದ. ಫೋನಿನಲ್ಲಿ ಕೇಳಿ ಬರೆದಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಸಂಪಾದಕರು ಬೈಯಲಿಲ್ಲ; ಆ ಹೆಂಗಸಿನ ಜತೆಗೇ ನನ್ನನ್ನು ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಅಟ್ಟಿದರು.

ನಿಮ್ಮ ಹಸ್ತಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. "ಗಂಟು" 17 ಕಡೆ ಇದೆ, ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ. ಯಾವುದು ಗಡ್ಡೆ, ಯಾವುದು ಉಬ್ಬು ಎಂದು ಒಂದೊಂದರ ಮೇಲೂ ಬರೆದು ಕಳುಹಿಸಿ. ಒಂಬತ್ತನೆಯದು ಯಾವುದೆಂದು ಮೂರು ಸಲ ಓದಿದರೂ ನನಗೆ ತಿಳಿಯಲಿಲ್ಲ.