ಬೋರ್ ನೀರು ತುಂಬಿಸಿದ ಹೊಸ ಈಜುಕೊಳ ಮಸುಕಾಗಿದೆ, ಏನೇನು ಹಾಕಬೇಕು?

ನಿಮ್ಮ ಕೊಳ 8 ಮೀಟರ್ ಉದ್ದ, 4 ಅಗಲ, ಸರಾಸರಿ 1.25 ಆಳ, ಅಂದರೆ 40,000 ಲೀಟರ್. ದೊಡ್ಡಬಳ್ಳಾಪುರದ ಬೋರ್ ನೀರು: ಪಿಎಚ್ 8.2, ಆಲ್ಕಲಿನಿಟಿ (ಆಸಿಡ್ ಹಾಕಿದರೂ ಪಿಎಚ್ ಇಳಿಯದಂತೆ ತಡೆಯುವ ಕ್ಷಾರಗುಣ) 300, ಕ್ಯಾಲ್ಸಿಯಂ ಗಡಸುತನ 450 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ಹರಳು ಕ್ಲೋರಿನ್ (ಕ್ಯಾಲ್ಸಿಯಂ ಹೈಪೋಕ್ಲೋರೈಟ್) ಹಾಕಿದ ಮೇಲೆ ನೀರು ಹಾಲು ಬೆರೆಸಿದ ಹಾಗಾಯಿತು, ಅಂಗಡಿಯವರು ಅಡುಗೆ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಅಂದರು ಅಂತ ಬರೆದಿದ್ದೀರಿ.

ಎರಡನ್ನೂ ಹಾಕಬೇಡಿ. ಅದು ಮೆದು ನೀರಿಗೆ ಹೇಳುವ ಮದ್ದು. ಅಡುಗೆ ಸೋಡಾ ಏರಿಸುವ ಆಲ್ಕಲಿನಿಟಿ, ಕ್ಯಾಲ್ಸಿಯಂ ಕ್ಲೋರೈಡ್ ಏರಿಸುವ ಗಡಸುತನ ಎರಡೂ ನಿಮ್ಮ ನೀರಲ್ಲಿ ಈಗಾಗಲೇ ಅತಿಯಾಗಿವೆ. ಆ ಬಿಳುಪು ಕೊಳೆಯಲ್ಲ, ಸುಣ್ಣ. ಹರಳು ಕ್ಲೋರಿನ್ ಪಿಎಚ್ ಏರಿಸಿತು, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೊರಬಿತ್ತು. ಪಟಿಕ ಹಾಕಿ ಕೂರಿಸಿದರೂ ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ.

ಮೊದಲು ಆಲ್ಕಲಿನಿಟಿ ಇಳಿಸಿ. 32% ಹೈಡ್ರೋಕ್ಲೋರಿಕ್ ಆಸಿಡ್ 800 ಮಿ.ಲೀ. ಹಾಕಿದರೆ ನಿಮ್ಮ ಕೊಳದಲ್ಲಿ 10 ಪಿಪಿಎಂ ಇಳಿಯುತ್ತದೆ. 300ರಿಂದ 100ಕ್ಕೆ ಬರಲು ಹೆಚ್ಚುಕಡಿಮೆ 16 ಲೀಟರ್ ಬೇಕು, ಆದರೆ ಒಂದೇ ದಿನ ಸುರಿದರೆ ಟೈಲ್ಸ್ ಸಂದಿನ ಗ್ರೌಟ್ ತಿಂದುಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮುಕ್ಕಾಲು ನೀರು ಹಿಡಿದು, ಆ ನೀರಿಗೆ ಒಂದು ಲೀಟರ್ ಆಸಿಡ್ ಸೇರಿಸಿ (ಆಸಿಡ್‌ಗೆ ನೀರು ಹೊಯ್ಯಬೇಡಿ, ಸಿಡಿಯುತ್ತದೆ). ಪಂಪ್ ಓಡುತ್ತಿರುವಾಗ ಆಳದ ಕಡೆ ನಿಧಾನವಾಗಿ ಬಿಡಿ. ನಾಲ್ಕು ಗಂಟೆ ಬಿಟ್ಟು ಪಿಎಚ್ ನೋಡಿ. ಮೊದಲ ದಿನ ಸುಮಾರು ಮೂರು ಲೀಟರ್‌ಗೆ ಪಿಎಚ್ 7.2ಕ್ಕೆ ಬರಬೇಕು. ಅಲ್ಲಿಗೆ ನಿಲ್ಲಿಸಿ.

ಇಲ್ಲಿ ಹಲವರು ಎಡವುತ್ತಾರೆ: ಪಿಎಚ್ ಇಳಿಯಿತು, ಆಲ್ಕಲಿನಿಟಿ ಇನ್ನೂ 260ರಲ್ಲಿದೆ, ಮುಂದೇನು? ನೀರು ವಾಪಸ್ ಬರುವ ನಾಝಲ್‌ಗಳನ್ನು ಮೇಲ್ಮುಖ ತಿರುಗಿಸಿ, ಮೇಲ್ಮೈ ಕುದಿಯುವಂತೆ ಕಲಕಲಿ. ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನಾಗಿ ಏರುತ್ತದೆ, ಆಲ್ಕಲಿನಿಟಿ ಮಾತ್ರ ಏರುವುದಿಲ್ಲ. ಮತ್ತೆ ಆಸಿಡ್, ಮತ್ತೆ ಕಲಕುವುದು. ವಾರ ಹಿಡಿಯುತ್ತದೆ. ಹೊಸ ಸಿಮೆಂಟ್ ಕೂಡ ಮೊದಲ ತಿಂಗಳು ಸುಣ್ಣ ಬಿಡುತ್ತಲೇ ಇರುತ್ತದೆ, ಹಾಗಾಗಿ ಪಿಎಚ್ ದಿನಾ ನೋಡಬೇಕು.

ಗಡಸುತನವನ್ನು ಪುಡಿ ಹಾಕಿ ಇಳಿಸುವ ಗೋಜಿಗೆ ಹೋಗಬೇಡಿ. ಪಿಎಚ್ 7.2–7.4ರಲ್ಲಿ ಇಟ್ಟರೆ 450 ತಡೆದುಕೊಳ್ಳುತ್ತದೆ. ಆದರೆ ಆವಿಯಾದ ಜಾಗಕ್ಕೆ ಮತ್ತೆ ಬೋರ್ ನೀರು ಬಿಟ್ಟರೆ ಗಡಸುತನ ಏರುತ್ತಾ ಹೋಗುತ್ತದೆ. ಮಳೆನೀರಿನ ಸಂಪ್ ಇದ್ದರೆ ಅದನ್ನೇ ಬಳಸಿ.

ಈಗ ಕ್ಲೋರಿನ್. ಪಿಎಚ್ 7.5ರಲ್ಲಿ ಅದರ ಅರ್ಧ ಭಾಗ ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ, 8.2ರಲ್ಲಿ ಆರನೇ ಒಂದು ಭಾಗ ಅಷ್ಟೆ. ನಿಮಗೆ 10%ರ ದ್ರವ ಸೋಡಿಯಂ ಹೈಪೋಕ್ಲೋರೈಟ್ ವಾಸಿ, ಕ್ಯಾಲ್ಸಿಯಂ ಕೂಡಿಸುವುದಿಲ್ಲ. 400 ಮಿ.ಲೀ.ಗೆ 1 ಪಿಪಿಎಂ ಏರುತ್ತದೆ. 2–3 ಪಿಪಿಎಂ ಇರಲಿ. ಆಸಿಡ್ ಬೆಳಿಗ್ಗೆ, ಕ್ಲೋರಿನ್ ಸಂಜೆ. ಎರಡೂ ಒಂದೇ ಬಕೆಟ್‌ಗೆ ಬಿದ್ದರೆ ವಿಷಾನಿಲ ಏಳುತ್ತದೆ. ಬ್ಲೀಚಿಂಗ್ ಪೌಡರ್ ಬೇಡವೇ ಬೇಡ, ಅದರಲ್ಲಿ ಸುಣ್ಣವೇ ಜಾಸ್ತಿ.

ಬಿಸಿಲು ಕ್ಲೋರಿನ್ ತಿನ್ನದಂತೆ ಸಯನ್ಯೂರಿಕ್ ಆಸಿಡ್ 30 ಪಿಪಿಎಂ ಬೇಕು: 1.2 ಕೆ.ಜಿ., ಹಳೇ ಕಾಲುಚೀಲದಲ್ಲಿ ಕಟ್ಟಿ ನಾಝಲ್ ಮುಂದೆ ಇಳಿಬಿಡಿ. ಟಿಸಿಸಿಎ ಮಾತ್ರೆ (ಸಯನ್ಯೂರಿಕ್ ಆಸಿಡ್ ಸೇರಿಯೇ ಇರುವ ಕ್ಲೋರಿನ್) ಬಳಸುವುದಾದರೆ ಇದನ್ನು ಬೇರೆ ಹಾಕಬೇಡಿ. 200 ಗ್ರಾಂ ಮಾತ್ರೆ ಒಂದೊಂದೂ ಸುಮಾರು 2.8 ಪಿಪಿಎಂ ಸೇರಿಸುತ್ತದೆ. ಸಯನ್ಯೂರಿಕ್ ನೂರು ದಾಟಿದರೆ ಕ್ಲೋರಿನ್ ಇದ್ದೂ ಪಾಚಿ ಕಟ್ಟುತ್ತದೆ, ಆಗ ನೀರು ಹೊರಚೆಲ್ಲದೆ ದಾರಿಯಿಲ್ಲ. ಉಳಿದ ಹರಳು ಕ್ಲೋರಿನ್ ಜೊತೆ ಆ ಮಾತ್ರೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.

ಪಿಎಚ್ ಕಿಟ್‌ನ ಬಣ್ಣ ಕೆಂಪು ಬಿಟ್ಟು ನೇರಳೆಗೆ ತಿರುಗಿದರೆ ಗಾಬರಿಯಾಗಿ ಆಸಿಡ್ ಸುರಿಯಬೇಡಿ. ಕ್ಲೋರಿನ್ ವಿಪರೀತ ಇದ್ದಾಗ ಕಿಟ್‌ನ ಬಣ್ಣದ ದ್ರವ ಫೀನಾಲ್ ರೆಡ್ ಹಾಗೆ ಸುಳ್ಳು ಹೇಳುತ್ತದೆ. ಕ್ಲೋರಿನ್ ಇಳಿದ ಮೇಲೆ ಮತ್ತೆ ನೋಡಿ.